ತಟ್ಟಿ ನೋಡಿ ಕೊಳ್ಳಬೇಕಾದ ದೋಣಿ

ಕ್ಯಾಲಿಫೋರ್ನಿಯಾದ ಕರಾವಳಿ ಊರುಗಳಲ್ಲಿ ಓಡಾಡಿದರೆ ಗ್ಯಾರೇಜಿನ ಹಿಂದೆಯೋ ಬೇಲಿಯ ಪಕ್ಕದಲ್ಲೋ ಟಾರ್ಪಾಲು ಹೊದ್ದು ಬಿದ್ದಿರುವ ಜೋಡಿ ದೋಣಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಬಾಳೆಹಣ್ಣಿನಂತೆ ಬಾಗಿದ ಎರಡು ಸಪೂರ ಒಡಲು, ನಡುವೆ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಬಿಗಿದ ಟ್ರ್ಯಾಂಪೊಲೀನ್ ಎಂಬ ದಪ್ಪ ಬಟ್ಟೆ. ಇವೇ ಬೀಚ್ ಕ್ಯಾಟಮರಾನ್‌ಗಳು. ಅವುಗಳಲ್ಲಿ ಹೋಬಿ 16ರ ಹೆಸರೇ ಮೊದಲು ಕೇಳಿಬರುವುದು. ಹಳೆಯದಾದರೆ ಟ್ರೈಲರ್ ಸಮೇತ ಅಗ್ಗಕ್ಕೇ ಸಿಗುತ್ತದೆ. ಕಾಮನಬಿಲ್ಲಿನ ಪಟ್ಟೆಗಳ ಹಾಯಿಯನ್ನು ಮಾಲೀಕ ಬಿಚ್ಚಿ ತೋರಿಸಿದನೆಂದರೆ ಕೊಳ್ಳುವವನ ಬುದ್ಧಿ ಅರ್ಧ ಹಾರಿಹೋದಂತೆ. ಸ್ಯಾನ್ ಡಿಯಾಗೋದಲ್ಲಿ ಅಂಥದೊಂದನ್ನು ಮನೆಗೆ ತಂದು ಸರಿಮಾಡಿಕೊಂಡ ಮೇಲೆ ನನಗನಿಸಿದ್ದು ಇಷ್ಟು: ಹಳೆಯ ದೋಣಿಯನ್ನು ಕಣ್ಣಿಂದ ನೋಡಿ ಕೊಳ್ಳಬಾರದು, ಕಿವಿ ಮತ್ತು ಹೆಬ್ಬೆರಳಿನಿಂದ ಕೊಳ್ಳಬೇಕು.

ಹೋಬಿ 16 ಅನ್ನು ರೂಪಿಸಿದ ಹೋಬಿ ಆಲ್ಟರ್ ಮೂಲತಃ ಸರ್ಫ್‌ಬೋರ್ಡ್ ತಯಾರಕರು. ಬಾಲ್ಸಾ ಮರವನ್ನು ಬಿಟ್ಟು ಫೋಮಿನ ಮೇಲೆ ಫೈಬರ್‌ಗ್ಲಾಸ್ ಹೊದಿಸುವ ವಿಧಾನವನ್ನು 1950ರ ದಶಕದ ಕೊನೆಯಲ್ಲಿ ಬಳಕೆಗೆ ತಂದವರಲ್ಲಿ ಅವರೂ ಒಬ್ಬರು. ಆ ಕೈಪಳಗಿಕೆಯೇ ಮುಂದೆ ದೋಣಿಗೂ ಒದಗಿತು. ಹವಾಯಿಯಲ್ಲಿ ವುಡಿ ಬ್ರೌನ್ ಮತ್ತು ಗೆಳೆಯರು 1947ರಲ್ಲಿ ಕಟ್ಟಿದ ‘ಮನು ಕೈ’ ಎಂಬ ಕ್ಯಾಟಮರಾನ್ ಆಗಲೇ ಅಲೆ ಸೀಳಿಕೊಂಡು ಬಂದು ನೇರ ಮರಳಿಗೆ ಹತ್ತುತ್ತಿತ್ತು. ಹೋಬಿ ಅದೇ ದಾರಿಯಲ್ಲಿ ಸಾಮಾನ್ಯರ ಕೈಗೆಟುಕುವ ಪುಟ್ಟ ದೋಣಿ ಮಾಡಿದರು. ಮೊದಲು ಹೋಬಿ 14, ಅದರ ಬೆನ್ನಿಗೇ ಹೋಬಿ 16. ಉದ್ದ ಸುಮಾರು 5 ಮೀಟರ್, ತೂಕ 145 ಕಿಲೋ ಆಸುಪಾಸು. ಒಂದು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಅರ್ಧ ಶತಮಾನದಲ್ಲಿ ವಿನ್ಯಾಸ ಹೆಚ್ಚು ಬದಲಾಗಿಲ್ಲವಾದ್ದರಿಂದ ಇವತ್ತು ಅಂಗಡಿಯಲ್ಲಿ ಸಿಗುವ ಬಹಳಷ್ಟು ಬಿಡಿಭಾಗಗಳು ಹಳೆಯ ದೋಣಿಗೂ ಕೂರುತ್ತವೆ. ಹಳತನ್ನು ಕೊಳ್ಳುವ ಧೈರ್ಯ ಬರುವುದೇ ಇದರಿಂದ.

ಆದರೆ ಒಡಲು ಕೆಟ್ಟಿದ್ದರೆ ಬಿಡಿಭಾಗ ಸಿಕ್ಕಿ ಏನು ಪ್ರಯೋಜನ? ಎರಡು ತೆಳು ಫೈಬರ್‌ಗ್ಲಾಸ್ ಪದರಗಳ ನಡುವೆ ಫೋಮ್ ಅಂಟಿಸಿ ಮಾಡಿದ ಗೋಡೆ ಅದು. ವರ್ಷಗಟ್ಟಲೆ ಬಿಸಿಲು ತಿಂದು, ಒಳಗೆ ನೀರು ಕುಡಿದು, ಜನ ಮಂಡಿಯೂರಿದ ಕಡೆಯೆಲ್ಲ ಪದರಗಳು ಅಂಟು ಬಿಡುತ್ತವೆ. ಮುಂದಿನ ಅಡ್ಡಪಟ್ಟಿಯ ಎದುರಿಗಿರುವ ಮೇಲ್ಮೈಯೇ ಮೊದಲು ಸೋಲುವ ಜಾಗ. ಹಲಸಿನ ಹಣ್ಣು ತಟ್ಟಿ ನೋಡುವವರಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. ನಾಣ್ಯದಿಂದ ಅಂಗುಲ ಅಂಗುಲ ತಟ್ಟುತ್ತ ಹೋದರೆ ಗಟ್ಟಿ ಜಾಗ ‘ಟಕ್ ಟಕ್’ ಅನ್ನುತ್ತದೆ, ಬಿಟ್ಟುಕೊಂಡ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಅಲ್ಲಿ ಹೆಬ್ಬೆರಳು ಒತ್ತಿದರೆ ಸಣ್ಣಗೆ ಕುಗ್ಗುವುದು ಕೈಗೆ ತಿಳಿಯುತ್ತದೆ. ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಿ. ಅಂಗೈ ಅಗಲದ ಒಂದೆರಡು ಕಲೆಯಾದರೆ ಚೌಕಾಸಿಗೆ ಒಳ್ಳೆಯ ನೆಪ. ಮೊಳದುದ್ದ ಮೆತ್ತಗಾಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಸಣ್ಣ ಕಲೆಗೆ ಮದ್ದು ಎಪಾಕ್ಸಿ. ಮೊದಲು ಒಳಗಿನ ತೇವ ಪೂರ್ತಿ ಆರಬೇಕು, ಇದರಲ್ಲಿ ಅವಸರ ಮಾಡಿದವರ ಕೆಲಸ ನಿಲ್ಲುವುದಿಲ್ಲ. ಆಮೇಲೆ ಹೊರ ಪದರವನ್ನಷ್ಟೇ ದಾಟುವಂತೆ ಸುಮಾರು ಒಂದಂಗುಲಕ್ಕೊಂದು ಸಣ್ಣ ತೂತು ಕೊರೆದು, ತೆಳು ಎಪಾಕ್ಸಿಯನ್ನು ಸಿರಿಂಜಿನಲ್ಲಿ ಒಂದು ಅಂಚಿನಿಂದ ತುಂಬಿಸುತ್ತ ಬರಬೇಕು. ಪಕ್ಕದ ತೂತಿನಲ್ಲಿ ಅಂಟು ಉಕ್ಕಿತೆಂದರೆ ಈ ತೂತಿನ ಕೆಲಸ ಮುಗಿಯಿತು. ಅದಕ್ಕೆ ಟೇಪ್ ಹಚ್ಚಿ ಮುಂದಿನದಕ್ಕೆ ಹೋಗುವುದು. ಕೊನೆಗೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮರಳಿನ ಚೀಲ ಹೇರಿ ರಾತ್ರಿಯಿಡೀ ಬಿಡಬೇಕು. ಮಲ್ಪೆ, ಗಂಗೊಳ್ಳಿ ಕಡೆ ಫೈಬರ್ ದೋಣಿಗಳ ಒಡನಾಟ ಇರುವವರಿಗೆ ಮ್ಯಾಟು, ರೆಸಿನ್ನು ಹೊಸತಲ್ಲ. ಅಲ್ಲಿ ನಡೆಯುವುದು ಹೆಚ್ಚಾಗಿ ಅಗ್ಗದ ಪಾಲಿಯೆಸ್ಟರ್ ರೆಸಿನ್. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟಾಗಿ ಕಚ್ಚದು.

ಸೋರಿಕೆ ಹುಡುಕಲು ಸೋಪಿನ ನೀರು ಸಾಕು. ಒಡಲಿನ ಹಿಂಬದಿಯಲ್ಲಿ ನೀರು ಹೊರಬಿಡಲೆಂದು ಇರುವ ಬಿರಡೆ ತೆಗೆದು, ವ್ಯಾಕ್ಯೂಮ್ ಕ್ಲೀನರ್ ಗಾಳಿಯನ್ನು ಆ ತೂತಿಗೆ ಸಡಿಲವಾಗಿ ಹಿಡಿದು, ಜೋಡಣೆಯ ಅಂಚಿಗೆಲ್ಲ ಸೋಪು ಬಳಿಯುತ್ತ ಬನ್ನಿ. ಗುಳ್ಳೆ ಎದ್ದಲ್ಲಿ ಬಿರುಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚುವ ಹುರುಪು ಬೇಡ, ಒಡಲೇ ಬಾಯಿಬಿಟ್ಟೀತು. ಒಡಲಿನ ಅಡಿಯನ್ನೂ ಸವರಿ ನೋಡಿ. ಮರಳಿನ ಮೇಲೆ ಎಳೆದೆಳೆದು ಅದು ಸವೆದಿರುತ್ತದೆ. ದೋಣಿ ಮಗುಚಿ ಹಾಕಿ ಫೈಬರ್‌ಗ್ಲಾಸ್ ಪಟ್ಟಿ ಹಚ್ಚಿ ಉಜ್ಜುವುದು ಬೇಸರದ, ಮೈಕೈ ನವೆಯ ಕೆಲಸ, ಅಷ್ಟೇ.

ತಂತಿಗಳ ವಿಚಾರದಲ್ಲಿ ನಾನು ಹಠಮಾರಿ. ಸುಮಾರು 8 ಮೀಟರ್ ಎತ್ತರದ ಹಾಯಿಕಂಬವನ್ನು ನಿಲ್ಲಿಸುವುದು ಸುಮಾರು 3 ಮಿಲಿಮೀಟರ್ ದಪ್ಪದ, 19 ಎಳೆಗಳ ಸ್ಟೀಲ್ ತಂತಿಗಳು. ಅವು ಎಷ್ಟು ವರ್ಷದ್ದೆಂದು ಮಾರುವವರು ಖಚಿತವಾಗಿ ಹೇಳದಿದ್ದರೆ ಎಲ್ಲವನ್ನೂ ಬದಲಿಸಬೇಕು, ಎರಡನೇ ಮಾತಿಲ್ಲ. ಹಳೆಯ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಒಳಗಿನ ತುಕ್ಕು ಕಾಣುವುದೇ ಇಲ್ಲ. ತುದಿಯಲ್ಲಿ ಲೋಹದ ತೋಳಿನೊಳಗೆ ತಂತಿ ಹೊಕ್ಕುವ ಜಾಗವೇ ಬಹಳ ಸಲ ಮೊದಲು ಕಡಿಯುವುದು. ಬಟ್ಟೆಯಿಂದ ಸವರಿದಾಗ ನೂಲು ಸಿಕ್ಕಿಕೊಂಡರೆ ಒಂದು ಎಳೆ ಆಗಲೇ ಹರಿದಿದೆ ಎಂದರ್ಥ. ಹೊಸಬರು ಗಾಬರಿಯಾಗುವ ಇನ್ನೊಂದು ಸಂಗತಿಯಿದೆ. ಮುಂದಿನ ಹಾಯಿಯನ್ನು ಬಿಗಿದೊಡನೆ ಮುಂಭಾಗದ ತಂತಿ ಜೋಲು ಬೀಳುತ್ತದೆ. ಅದು ಸರಿಯಾಗಿಯೇ ಇದೆ. ಹೋಬಿ 16ರಲ್ಲಿ ಆ ಹೊತ್ತಿಗೆ ಕಂಬದ ಭಾರ ಹಾಯಿಯ ಅಂಚಿನಲ್ಲಿರುವ ತಂತಿಗೆ ದಾಟಿರುತ್ತದೆ.

ಕಂಬವನ್ನೂ ಕಿವಿಗೊಟ್ಟೇ ಪರೀಕ್ಷಿಸಬೇಕು. ಮಗ ಒಂದು ತುದಿ, ನಾನೊಂದು ತುದಿ ಹಿಡಿದು ಓರೆ ಮಾಡಿದಾಗ ಒಳಗೆ ಏನೋ ಗುಳುಗುಳು ಹರಿದ ಸದ್ದು. “ಅಪ್ಪಾ, ಇದರೊಳಗೆ ನೀರಿದೆ!” ಅಂದ. ಇರಬಾರದು. ದೋಣಿ ಮಗುಚಿದಾಗ ಗಾಳಿ ತುಂಬಿದ ಕಂಬ ತೇಲಿದರೆ ಮಾತ್ರ ದೋಣಿ ಪಕ್ಕಕ್ಕೆ ಮಲಗಿ ನಿಲ್ಲುತ್ತದೆ. ನೀರು ಹೊಕ್ಕ ಕಂಬ ಮುಳುಗಿ ದೋಣಿ ಪೂರ್ತಿ ತಲೆಕೆಳಗಾಗುತ್ತದೆ. ರಿವೆಟ್ ತೂತುಗಳಿಗೆಲ್ಲ ಸೀಲಂಟ್ ತುಂಬಿದೆವು. ಅಲ್ಯೂಮಿನಿಯಂಗೆ ಸ್ಟೀಲ್ ರಿವೆಟ್ ಬಡಿದ ಕಡೆ ಉಪ್ಪುನೀರು ಸೇರಿ ಬಿಳಿ ಪುಡಿ ಎದ್ದಿತ್ತು. ಎರಡು ಲೋಹ ಒಂದಕ್ಕೊಂದು ಹಲ್ಲು ಕಚ್ಚಿ ಕೂತ ಗುರುತದು.

ಕಂಬ ಎತ್ತುವ ಮುಂಚೆ ತಲೆಯೆತ್ತಿ ವಿದ್ಯುತ್ ತಂತಿ ಹುಡುಕಬೇಕು. ಇದು ಸುಮ್ಮನೆ ಹೇಳುವ ಎಚ್ಚರಿಕೆಯಲ್ಲ, ಜನ ಸತ್ತಿದ್ದಾರೆ. ಅದಕ್ಕಾಗಿಯೇ ಅಮೆರಿಕದಲ್ಲಿ 1980ರ ದಶಕದಿಂದ ಕಂಬದ ಮೇಲ್ಭಾಗವನ್ನು ಕರೆಂಟು ಹರಿಯದ ಫೈಬರ್‌ಗ್ಲಾಸಿನಿಂದ ಮಾಡತೊಡಗಿದರು. ಅದಕ್ಕಿಂತ ಹಳೆಯ ದೋಣಿಯಾದರೆ ಅಡಿಯಿಂದ ಮುಡಿಯವರೆಗೂ ಅಲ್ಯೂಮಿನಿಯಂ. ಬುಡದಲ್ಲಿ ಕೀಲಿನ ಪಿನ್ ಹಾಕಿ ಒಬ್ಬರು ಟ್ರ್ಯಾಂಪೊಲೀನ್ ಮೇಲೆ ನಿಂತು ಹೆಗಲು ಕೊಡಬೇಕು, ಇನ್ನೊಬ್ಬರು ಮುಂದಿನಿಂದ ಎಳೆಯಬೇಕು. ಕಂಬ ನಿಂತ ಮೇಲೆ ಆ ಪಿನ್ ತೆಗೆಯಲೇಬೇಕು, ಇಲ್ಲದಿದ್ದರೆ ಕಂಬ ಗಾಳಿಗೆ ತಿರುಗುವುದಿಲ್ಲ.

ಚುಕ್ಕಾಣಿಯಲ್ಲೂ ಒಂದು ಕೀಟಲೆಯಿದೆ. ದೋಣಿ ಗಾಳಿಯ ಕಡೆಗೇ ಜಗ್ಗಿ ಕೈ ಸೋತುಹೋದರೆ ಎಲ್ಲರೂ ಕಂಬದ ಓರೆಯನ್ನು ಬೈಯುತ್ತಾರೆ. ಎಷ್ಟೋ ಸಲ ಚುಕ್ಕಾಣಿಯ ಹಲಗೆ ಪೂರ್ತಿ ಕೆಳಗಿಳಿದು ಲಾಕ್ ಆಗದೆ ಹಿಂದಕ್ಕೆ ವಾಲಿರುತ್ತದೆ, ತಪ್ಪು ಅದರದ್ದು. ದಡಕ್ಕೆ ತಾಗಿದಾಗ ತಾನಾಗಿ ಮೇಲೇಳಲಿ ಎಂದು ಮಾಡಿದ ಏರ್ಪಾಡು ಸವೆದು, ಬೇಡದಾಗಲೂ ಎದ್ದುಬಿಡುತ್ತದೆ. ತಿರುಗಣೆಯ ತೂತುಗಳಿಗೆ ಹೊಸ ಪ್ಲಾಸ್ಟಿಕ್ ಬುಶ್ ಹಾಕಿದರೆ ಗಡಗಡ ಅಲುಗಾಟವೂ ನಿಲ್ಲುತ್ತದೆ.

ಟ್ರ್ಯಾಂಪೊಲೀನ್ ಬಟ್ಟೆಯ ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ, ದಾರ ಪುಡಿಯಾದರೆ ಹೊಸತು ತನ್ನಿ. ಹಾಯಿ ಮಾತ್ರ ಹಳತೇ ಇರಲಿ. ಜೋತುಬಿದ್ದ ಹಾಯಿ ವೇಗ ಕಳೆಯುತ್ತದೆ, ಪ್ರಾಣ ಕಳೆಯುವುದಿಲ್ಲ. ಕಾಗದಪತ್ರವನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ದೊಡ್ಡ ಹಾಯಿದೋಣಿಗೂ ನೋಂದಣಿ ಬೇಕು, ಟ್ರೈಲರ್‌ಗೆ ಬೇರೆ ಕಾಗದ.

ಮೊದಲ ಸಲ ಇಳಿಸುವಾಗ ಸ್ಯಾನ್ ಡಿಯಾಗೋದ ಮಿಷನ್ ಬೇಯಂಥ ಅಲೆಯಿಲ್ಲದ ನೀರು, ಮಂದ ಗಾಳಿ ಇದ್ದರೆ ಚೆನ್ನ. ದಡದ ಆಸುಪಾಸಿನಲ್ಲೇ ಒಂದು ಗಂಟೆ ಓಡಿಸಿ ಮರಳಿಗೆ ಹತ್ತಿಸಿ, ಮೂತಿ ಎತ್ತಿ ಹಿಡಿದು ಎರಡೂ ಬಿರಡೆ ಬಿಚ್ಚಿ. ಲೋಟದಷ್ಟು ನೀರು ಬಂದರೆ ತೊಂದರೆಯಿಲ್ಲ. ಬಕೆಟ್ ತುಂಬುವಷ್ಟು ಬಂದರೆ ಮತ್ತೆ ಸೋಪು ಕಲಸುವುದೇ.