ಮನೆಯಲ್ಲಿದ್ದುಕೊಂಡೇ ಡಿಗ್ರಿ ಓದಬಹುದೇ?

 

ಪಿಯುಸಿ ಪಾಸಾದ ಎಷ್ಟೋ ಅಕ್ಕಂದಿರು, ಅಣ್ಣಂದಿರು ಓದು ನಿಲ್ಲಿಸಿ ಮನೆಯಲ್ಲಿದ್ದಾರೆ. ಕಾಲೇಜು ದೂರ, ಬಸ್ಸು ಹೊತ್ತಿಗೆ ಸರಿಯಾಗಿ ಬರಲ್ಲ, ಹೊಲದ ಕೆಲಸ ಬಿಡೋ ಹಾಗಿಲ್ಲ. ಇಂಥವರಿಗಾಗಿಯೇ ದೂರಶಿಕ್ಷಣ ಇದೆ. ಈಗ ಆನ್‌ಲೈನ್ ಶಿಕ್ಷಣವೂ ಬಂದಿದೆ.

ಇದು ನಿನ್ನೆ ಮೊನ್ನೆಯದಲ್ಲ. ನಮ್ಮ ದೇಶದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಕಳಿಸಲು ಶುರು ಮಾಡಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣ ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಇಡೀ ದೇಶಕ್ಕಾಗಿ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೋ) ಸ್ಥಾಪನೆಯಾಯಿತು. ಅದರ ಪ್ರಾದೇಶಿಕ ಕೇಂದ್ರಗಳು ಬೆಂಗಳೂರು ಮತ್ತು ವಿಜಯಪುರದಲ್ಲಿವೆ.

ದೂರಶಿಕ್ಷಣ, ಆನ್‌ಲೈನ್ ಎರಡೂ ಒಂದೇನಾ? ಅಲ್ಲ. ದೂರಶಿಕ್ಷಣದಲ್ಲಿ ಪಾಠದ ಪುಸ್ತಕಗಳನ್ನು ಮನೆಯಲ್ಲೇ ಓದಬೇಕು. ಆಗಾಗ ಕಲಿಕಾ ಕೇಂದ್ರದಲ್ಲಿ ಸಂಪರ್ಕ ತರಗತಿ ನಡೆಯುತ್ತದೆ. ಆನ್‌ಲೈನಿನಲ್ಲಿ ಮೊಬೈಲು ಇಲ್ಲವೇ ಕಂಪ್ಯೂಟರಿನಲ್ಲಿ ಪಾಠ ನೋಡಿ, ಅಲ್ಲಿಯೇ ಪ್ರಶ್ನೆ ಕೇಳಬಹುದು. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್ ಓದನ್ನು ಹೀಗೆಯೇ ಆರಂಭಿಸಿತು. ಜೆಇಇ ಬರೆಯದವರೂ ಅದಕ್ಕೆ ಸೇರಬಹುದು. ಪಾಠವೇನೋ ಮನೆಯಲ್ಲಿ, ಆದರೆ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು!

ಮನೆಯಲ್ಲಿ ಓದೋದು ಸುಲಭ ಅಂತ ತಿಳಿಯಬೇಡಿ. ಗಂಟೆ ಹೊಡೆಯುವವರಿಲ್ಲ, ಹೋಂವರ್ಕ್ ಕೇಳುವ ಮೇಷ್ಟ್ರು ಎದುರಿಗಿಲ್ಲ. ನಿಯೋಜಿತ ಕಾರ್ಯ ಅಂದರೆ ಅಸೈನ್‌ಮೆಂಟ್ ಬರೆದು ಹೊತ್ತಿಗೆ ಸರಿಯಾಗಿ ಕೊಡಬೇಕು. ದಿನಾ ಒಂದೆರಡು ಗಂಟೆ ಓದುವ ಅಭ್ಯಾಸ ನಾವೇ ಮಾಡಿಕೊಳ್ಳಬೇಕು.

ಈ ಡಿಗ್ರಿಗೆ ಬೆಲೆ ಇದೆಯಾ? ಇದೆ. ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿ ಕಾಲೇಜಿನ ಪದವಿಗೆ ಸಮ ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿತು. 'ಮಾನ್ಯತೆ' ಎಂಬ ಮಾತನ್ನು ಮಾತ್ರ ಮರೆಯಬಾರದು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯದಲ್ಲೇ 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಸಾವಿರಾರು ವಿದ್ಯಾರ್ಥಿಗಳು ಚಿಂತೆಗೆ ಬಿದ್ದರು. 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು. ಇದರಿಂದ ನಾವು ಕಲಿಯಬೇಕಾದ ಪಾಠ: ವಿಶ್ವವಿದ್ಯಾನಿಲಯದ ಹೆಸರು ದೊಡ್ಡದಿದ್ದರೆ ಸಾಲದು.

ದುಡ್ಡು ಕಟ್ಟುವ ಮೊದಲು ನೋಡಬೇಕಾದದ್ದು:

1. ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾನಿಲಯದ ಹೆಸರು ಇದೆಯೇ?

2. ನಾವು ಸೇರುವ ಕೋರ್ಸಿಗೆ, ನಾವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ?

3. ಆ ಕೋರ್ಸನ್ನು ಹೀಗೆ ಓದಲು ಅವಕಾಶ ಇದೆಯೇ? ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿಗಳಿಗೆ ಅವಕಾಶವಿಲ್ಲ. 'ಮನೆಯಲ್ಲೇ ಕೂತು ಎಂಜಿನಿಯರ್ ಆಗಿ' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ನೋಡಲು ಗೊತ್ತಾಗದಿದ್ದರೆ ನಮ್ಮ ಗುರುಗಳನ್ನು ಕೇಳೋಣ. ಓದು ನಿಲ್ಲಿಸಿದ ಅಕ್ಕನೋ ಅಣ್ಣನೋ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಈ ವಿಷಯ ತಿಳಿಸಿ. ಓದಿಗೆ ವಯಸ್ಸಿಲ್ಲ, ಆದರೆ ಪ್ರವೇಶಕ್ಕೆ ಕೊನೆಯ ದಿನಾಂಕ ಇರುತ್ತದೆ!