ಪಾತ್ರದ ಬಲ ಮತ್ತು ಕಥನದ ಪಣ: ಮೇಜಿನಾಟದ ‘ಮಟ್ಟ’ಗಳ ಹಿನ್ನೆಲೆಯಲ್ಲಿ ಅಲ್ಲಮ, ಅಕ್ಕರ ಕಥನಗಳು

ಕಥಾನಾಯಕನಿಗೆ ಎಷ್ಟು ಬಲವಿರಬೇಕು ಎಂಬುದು ಕಾವ್ಯಮೀಮಾಂಸೆಯಲ್ಲಿ ನೇರವಾಗಿ ಚರ್ಚೆಗೆ ಬಾರದ ಪ್ರಶ್ನೆ. ಧೀರೋದಾತ್ತಾದಿ ವಿಭಾಗಗಳು ನಾಯಕನ ಸ್ವಭಾವವನ್ನು ವರ್ಗೀಕರಿಸುತ್ತವೆಯೇ ಹೊರತು ಅವನ ಸಾಮರ್ಥ್ಯದ ಪ್ರಮಾಣವನ್ನು ಅಳೆಯುವುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿದ ಮೇಜಿನಾಟಗಳ ಒಂದು ಪ್ರಕಾರ ಮಾತ್ರ ಈ ಪ್ರಶ್ನೆಯನ್ನು ಅಂಕಿಗಳಲ್ಲಿಯೇ ಎದುರಿಸಿತು. ಆ ಆಟಗಳ ‘ಮಟ್ಟ’ದ ಪರಿಕಲ್ಪನೆಯನ್ನು ವಿವರಿಸಿ, ಶಿಕಾರಿಪುರ ಮತ್ತು ಸೊರಬ ಪರಿಸರದ ಕಥನಗಳನ್ನು ಅದರ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಲ್ಲಮನ ಹೆಸರಿನೊಡನೆ ಬೆಸೆದುಕೊಂಡಿರುವ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಅಲ್ಲಮ ಮತ್ತು ಮಾಯೆಯರ ಮುಖಾಮುಖಿ ನಡೆಯುವ ಬನವಾಸಿ ಸೊರಬದ ನೆರೆಯಲ್ಲಿದೆ. ಒಂದೇ ಪಾತ್ರವನ್ನು ಹರಿಹರ ಮತ್ತು ಚಾಮರಸರು ಬೇರೆ ಬೇರೆ ಬಲದಿಂದ ಆರಂಭಿಸಿದ್ದೇಕೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

೧. ಆಟದಲ್ಲಿ ‘ಮಟ್ಟ’

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ೧೯೭೪ರಲ್ಲಿ ಪ್ರಕಟವಾಯಿತು. ಕೆಲವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲಿಯೇ ಕಥೆಯನ್ನು ಬೆಳೆಸುವ ಆಟವಿದು. ಒಬ್ಬರು ನಿರ್ವಾಹಕರಾಗಿ ಲೋಕವನ್ನೂ ವೈರಿಗಳನ್ನೂ ನಿರೂಪಿಸುತ್ತಾರೆ. ಪಾತ್ರದ ಪ್ರಯತ್ನ ಫಲಿಸಿತೇ ಇಲ್ಲವೇ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಸಾಹಸಗಳಿಂದ ದೊರೆತ ಅನುಭವಾಂಕಗಳು ಗೊತ್ತಾದ ಮೊತ್ತವನ್ನು ಮುಟ್ಟಿದಾಗ ಪಾತ್ರ ಮೇಲಿನ ಮಟ್ಟಕ್ಕೆ ಏರುತ್ತದೆ. ತಾಳಿಕೊಳ್ಳುವ ಶಕ್ತಿಯೂ ಪ್ರಹಾರದ ಸಾಮರ್ಥ್ಯವೂ ಹೆಚ್ಚುತ್ತವೆ. ಮೊದಲ ಆವೃತ್ತಿಯಲ್ಲಿ ನಾಲ್ಕನೆಯ ಮಟ್ಟದ ಯೋಧನಿಗೆ ‘ಹೀರೋ’ ಎಂಬ ಬಿರುದಿತ್ತು. ಎಂಟನೆಯ ಮಟ್ಟದವನು ‘ಸೂಪರ್‌ಹೀರೋ’. ವೀರನೆನಿಸಿಕೊಳ್ಳಲು ಮೂರು ಮೆಟ್ಟಿಲುಗಳನ್ನು ಹತ್ತಿ ಬರಬೇಕಿತ್ತು ಎಂಬುದು ಗಮನಾರ್ಹ. ೨೦೧೪ರ ಐದನೆಯ ಆವೃತ್ತಿ ಇಪ್ಪತ್ತು ಮಟ್ಟಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು: ೧–೪ರವರೆಗೆ ಊರಿನ ವೀರರು, ೫–೧೦ರವರೆಗೆ ನಾಡಿನ ವೀರರು, ೧೧–೧೬ರವರೆಗೆ ನಾಡಿನ ಒಡೆಯರು, ೧೭–೨೦ರವರೆಗೆ ಲೋಕದ ಒಡೆಯರು.

ಬಲ ಹೆಚ್ಚಿದಷ್ಟೂ ಆಟ ಸೊಗಸಾಗಬೇಕೆಂದು ತೋರುವುದು ಸಹಜ. ವಾಸ್ತವದಲ್ಲಿ ಹಲವು ಆಟಗಾರರ ಮೆಚ್ಚಿನ ಮಟ್ಟ ನಡುವಿನದು. ಇದಕ್ಕೆ ಗಣಿತದ ಕಾರಣವಿದೆ. ಇಪ್ಪತ್ತು ಮುಖಗಳ ದಾಳದಲ್ಲಿ ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಾದಾಗ ಗೆಲುವಿನ ಸಾಧ್ಯತೆ ಸರಿಯಾಗಿ ಅರ್ಧ. ಕೂಡಿಸಿಕೊಳ್ಳುವ ಒಂದೊಂದು ಅಂಕವೂ ಆ ಸಾಧ್ಯತೆಯನ್ನು ಶೇಕಡಾ ಐದರಷ್ಟು ಏರಿಸುತ್ತದೆ. ಎರಡು ಬಿದ್ದರೂ ಸಾಕೆನ್ನುವಷ್ಟು ಬಲ ಬಂದಾಗ ದಾಳವನ್ನು ಉರುಳಿಸುವುದು ಕೇವಲ ಉಪಚಾರವಾಗುತ್ತದೆ. ೨೦೦೦ದಲ್ಲಿ ಬಂದ ಮೂರನೆಯ ಆವೃತ್ತಿಯ ಕೆಲವು ಆಟಗಾರರು ಈ ಕಾರಣದಿಂದಲೇ ಆರನೆಯ ಮಟ್ಟದಲ್ಲಿ ಏರಿಕೆಯನ್ನು ನಿಲ್ಲಿಸುವ ನಿಯಮವನ್ನು ರೂಪಿಸಿಕೊಂಡರು. ಒಂದು ಮಟ್ಟವನ್ನು ಮೆಚ್ಚುವುದೆಂದರೆ ಕಥೆಯಲ್ಲಿ ಏನು ಕಳೆದುಹೋಗಬಹುದು ಎಂಬುದನ್ನು, ಅಂದರೆ ಕಥನದ ಪಣವನ್ನು, ಆರಿಸಿಕೊಳ್ಳುವುದೆಂದೇ ಅರ್ಥ.

೨. ವೀರಗಲ್ಲಿನ ಅಂತಸ್ತುಗಳು

ಬಲವನ್ನು ಅಂತಸ್ತುಗಳಲ್ಲಿ ಕಾಣಿಸುವ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ (೧೯೦೨) ಸಂಪುಟದಲ್ಲಿ ಶಿಕಾರಿಪುರದ, ಎಂಟನೆಯ (೧೯೦೪) ಸಂಪುಟದಲ್ಲಿ ಸೊರಬದ ಶಾಸನಗಳು ಅಡಕವಾಗಿದ್ದು, ಅವುಗಳಲ್ಲಿ ವೀರಗಲ್ಲುಗಳ ಪಾಲು ದೊಡ್ಡದು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುವ ಈ ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ ಕಂಡುಬರುತ್ತಾರೆ. ತುರುಗೊಳ್, ಊರಳಿವುಗಳಲ್ಲಿ ಮಡಿದ ಇವರಲ್ಲಿ ಅನೇಕರು ಸಾಮಾನ್ಯ ಊರವರು. ಆಟದ ಪರಿಭಾಷೆಯಲ್ಲಿ ಮೊದಲ ಹಂತದವರು.

ಸಾಮ್ಯದೊಳಗೆ ಒಂದು ದೊಡ್ಡ ಭೇದವಿದೆ. ಆಟದ ಪಾತ್ರ ಬದುಕಿ ಉಳಿದು ಮೇಲೇರುತ್ತದೆ. ವೀರಗಲ್ಲಿನ ವೀರ ಮಡಿದು ಮೇಲೇರುತ್ತಾನೆ. ಅವನ ಏರಿಕೆಗೆ ಕಾರಣವಾದದ್ದು ಕೂಡಿಟ್ಟ ಬಲವಲ್ಲ, ತೆತ್ತ ಪ್ರಾಣ. ಕೆಳಗಿನ ಪಟ್ಟಿಕೆಯಲ್ಲಿ ಅವನು ಸೋಲಬಹುದಾದ ಮನುಷ್ಯನಾಗಿರುವುದರಿಂದಲೇ ಮೇಲಿನ ಪಟ್ಟಿಕೆಗೆ ಅರ್ಥ ಒದಗುತ್ತದೆ.

೩. ಒಂದು ಪಾತ್ರ, ಎರಡು ಆರಂಭ

ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಮದ್ದಳೆಯಲ್ಲಿ ನಿಪುಣ, ಕಾಮಲತೆಯನ್ನು ಒಲಿದು ಕೂಡಿದವನು. ಅವಳು ಸತ್ತಾಗ ಅರಿವುಗೆಟ್ಟು ಅಲೆಯುತ್ತಾನೆ. ನೆಲದಲ್ಲಿ ಹುದುಗಿದ್ದ ಗುಡಿಯ ಕಳಸ ಆಕಸ್ಮಿಕವಾಗಿ ಕಾಣಿಸಿ, ಒಳಹೊಕ್ಕಾಗ ಅನಿಮಿಷನಿಂದ ಲಿಂಗ ದೊರೆಯುತ್ತದೆ. ಕೈಲಾಸದ ಮೂಲವನ್ನು ಹರಿಹರನೂ ಹೇಳುತ್ತಾನಾದರೂ ಭೂಮಿಗೆ ಇಳಿದ ಮೇಲೆ ಆ ಬಲ ಪಾತ್ರದ ಕೈಗೆ ಎಟುಕುವುದಿಲ್ಲ. ಅಲ್ಲಮ ತನ್ನನ್ನೇ ಕಳೆದುಕೊಳ್ಳಬಹುದಾದ ಸ್ಥಿತಿಯಲ್ಲಿದ್ದಾನೆ; ಪಣ ಅವನದೇ.

ಪ್ರೌಢದೇವರಾಯನ ಕಾಲದ (ಆಳ್ವಿಕೆ ೧೪೨೪–೧೪೪೬) ಚಾಮರಸ ೨೫ ಗತಿಗಳ ‘ಪ್ರಭುಲಿಂಗಲೀಲೆ’ಯಲ್ಲಿ ಇದನ್ನು ತಿರುಗಿಸಿದ. ಪಾರ್ವತಿಯ ತಾಮಸಕಳೆ ಬನವಾಸಿಯ ಮಮಕಾರ ರಾಜನ ಮಗಳು ಮಾಯೆಯಾಗಿ ಹುಟ್ಟಿ ಅಲ್ಲಮನನ್ನು ಬಯಸುತ್ತಾಳೆ. ಅವನು ಅಂಟದೆ ಉಳಿಯುತ್ತಾನೆ. ಇಲ್ಲಿ ಅಲ್ಲಮ ಆರಂಭದಲ್ಲಿಯೇ ತುದಿಯ ಮಟ್ಟದಲ್ಲಿದ್ದಾನೆ. ಅಕ್ಕನ ವಿಷಯದಲ್ಲಿಯೂ ಇದೇ ವಿನ್ಯಾಸ ಕಾಣುತ್ತದೆ. ಹರಿಹರನ ಮಹಾದೇವಿ ಕರಾರುಗಳನ್ನು ಹಾಕಿ ಕೌಶಿಕನನ್ನು ವರಿಸುತ್ತಾಳೆ. ಅವನು ಅವುಗಳನ್ನು ಮೀರಿದಾಗ ಹೊರಡುತ್ತಾಳೆ. ಚಾಮರಸನಲ್ಲಿ ಅವಳು ಪಾರ್ವತಿಯ ಸಾತ್ತ್ವಿಕಕಳೆ. ಮದುವೆ ನಡೆಯುವುದೇ ಇಲ್ಲ.

ಈ ವ್ಯತ್ಯಾಸವನ್ನು ವಿಮರ್ಶೆ ಬಹುಮಟ್ಟಿಗೆ ಧಾರ್ಮಿಕ ಗೌರವದ ಪ್ರಶ್ನೆಯಾಗಿ ನೋಡಿದೆ: ಒಬ್ಬನದು ಮಾನವೀಯ, ಇನ್ನೊಬ್ಬನದು ದೈವೀಕೃತ. ಈ ತೀರ್ಮಾನದಿಂದ ಚಾಮರಸನ ಕಥನಕೌಶಲಕ್ಕೆ ಅನ್ಯಾಯವಾಗುತ್ತದೆ. ಸೋಲಲಾರದ ನಾಯಕನನ್ನಿಟ್ಟುಕೊಂಡು ಕಾವ್ಯವನ್ನು ನಡೆಸುವುದು ಹೇಗೆಂಬ ಕಠಿಣ ಸಮಸ್ಯೆಯನ್ನು ಅವನು ತಾನಾಗಿ ಮೈಮೇಲೆ ಎಳೆದುಕೊಂಡಿದ್ದಾನೆ. ಅವನ ಪರಿಹಾರವೆಂದರೆ ಪಣವನ್ನು ಅಲ್ಲಮನಿಂದ ಎತ್ತಿ ಎದುರಿನವರ ಮೇಲೆ ಇಡುವುದು. ಮಾಯೆ, ಮುಕ್ತಾಯಕ್ಕ, ಸಿದ್ಧರಾಮ, ಗೋರಕ್ಷ ಇವರಲ್ಲಿ ಪ್ರತಿಯೊಬ್ಬರಿಗೂ ಕಳೆದುಕೊಳ್ಳಲು ಏನೋ ಇದೆ. ಸೊನ್ನಲಿಗೆಯಲ್ಲಿ ಸಿದ್ಧರಾಮ ಉರಿಗಣ್ಣು ತೆರೆದಾಗ ಓದುಗನ ಆತಂಕ ಅಲ್ಲಮನಿಗಾಗಿ ಅಲ್ಲ, ಸಿದ್ಧರಾಮನಿಗಾಗಿ.

೪. ಎಣಿಕೆಗೆ ಸಿಗುವ ಬಲ, ಸಿಗದ ಬಲ

ಗೋರಕ್ಷನ ಪ್ರಸಂಗ ಈ ವಿಚಾರವನ್ನು ಇನ್ನಷ್ಟು ಮುಂದೊಯ್ಯುತ್ತದೆ. ಗೋರಕ್ಷ ಸಾಧನೆಯಿಂದ ವಜ್ರಕಾಯನಾದವನು; ಖಡ್ಗದಿಂದ ಹೊಡೆದರೆ ಅವನ ಮೈ ಖಣಿಲೆನ್ನುತ್ತದೆ. ಅದೇ ಖಡ್ಗವನ್ನು ಅಲ್ಲಮನ ಮೇಲೆ ಬೀಸಿದಾಗ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಮೇಜಿನಾಟದಲ್ಲಿ ಗೋರಕ್ಷನ ಬಲವನ್ನು ಬರೆದಿಡಬಹುದು: ತಾಗಲು ಬೇಕಾದ ಅಂಕಿಯನ್ನು ಏರಿಸುತ್ತ ಹೋದರೆ ಸಾಕು. ಅಲ್ಲಮನಿಗೆ ಅಂತಹ ಅಂಕಿಯನ್ನು ಕೊಡಲು ಬರುವುದಿಲ್ಲ. ತಾಗಲು ಅಲ್ಲಿ ಏನೂ ಇಲ್ಲ. ಇಬ್ಬರ ನಡುವಿನ ಅಂತರ ಇನ್ನೂ ಹತ್ತು ಮೆಟ್ಟಿಲುಗಳದ್ದಲ್ಲ. ಒಬ್ಬ ಮೆಟ್ಟಿಲ ಮೇಲಿದ್ದಾನೆ, ಇನ್ನೊಬ್ಬ ಮೆಟ್ಟಿಲನ್ನೇ ಬಿಟ್ಟಿದ್ದಾನೆ.

ಆಟದ ರಚನೆಕಾರರಿಗೂ ಈ ಸಮಸ್ಯೆ ಎದುರಾಗಿತ್ತು. ೧೯೮೩ರಿಂದ ೧೯೮೬ರವರೆಗೆ ಸರಣಿಯಾಗಿ ಬಂದ ಪೆಟ್ಟಿಗೆಗಳಲ್ಲಿ ಮನುಷ್ಯಪಾತ್ರದ ಏರಿಕೆ ೩೬ನೆಯ ಮಟ್ಟಕ್ಕೆ ಮುಗಿಯುತ್ತದೆ. ಅದರಾಚೆಗಿನ ಅಮರರಿಗೆಂದೇ ಬೇರೆ ನಿಯಮಗಳ ಪೆಟ್ಟಿಗೆ ಬಂತು. ಆದರೆ ಅಮರರಾದ ಮೇಲೂ ಅಲ್ಲಿ ಎಣಿಕೆ ಮುಂದುವರಿಯುತ್ತದೆ. ಶರಣರ ಕಥನ ಎಣಿಕೆಯನ್ನೇ ಕೈಬಿಟ್ಟಿತು.

೫. ಹೋಲಿಕೆಯ ಮಿತಿ

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳನ್ನು ಆಟದ ಮಟ್ಟಗಳಿಗೆ ಸಮೀಕರಿಸುವ ಆಕರ್ಷಣೆ ತರಗತಿಯಲ್ಲಿ ಎದುರಾಗಬಹುದು. ಗಣಕದ ಆಟಗಳ ಮೂಲಕ ‘ಲೆವೆಲ್’ ಎಂಬ ಮಾತು ವಿದ್ಯಾರ್ಥಿಗಳಿಗೆ ಚಿರಪರಿಚಿತವಾಗಿದೆ. ಈ ಸಮೀಕರಣ ಸರಿಯಲ್ಲ. ಆಟದ ಏರಿಕೆ ಗಳಿಕೆಯದು. ಸ್ಥಲಗಳ ಏರಿಕೆ ‘ನಾನು’ ಎಂಬುದನ್ನು ಕಳೆಯುತ್ತ ಹೋಗುವಂಥದು. ಅನುಭವಾಂಕದ ‘ಅನುಭವ’ಕ್ಕೂ ಅನುಭವಮಂಟಪದ ‘ಅನುಭವ’ಕ್ಕೂ ಇರುವ ದೂರ ಇದೇ.

ಆದರೂ ಆಟದಿಂದ ಪಡೆಯಬಹುದಾದ ಒಂದು ಪ್ರಶ್ನೆ ಪ್ರಯೋಜನಕಾರಿ: ಈ ಕಥೆಯಲ್ಲಿ ಕಳೆದುಕೊಳ್ಳುವವರು ಯಾರು? ‘ಶೂನ್ಯಸಂಪಾದನೆ’ಯಲ್ಲಿ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳ ಪತಿಯನ್ನು ಕುರಿತು, ಮೈಯನ್ನು ಮರೆಮಾಡಿದ ಕೂದಲನ್ನು ಕುರಿತು ಪ್ರಶ್ನಿಸುತ್ತಾನೆ. ತುದಿಯ ಮಟ್ಟದವನೇ ಅಲ್ಲಿ ಪರೀಕ್ಷಕ. ಪಣವೆಲ್ಲ ಉಡುತಡಿಯಿಂದ ಒಂಟಿಯಾಗಿ ನಡೆದು ಬಂದ ಹೆಣ್ಣಿನದು. ಆ ಸಂವಾದ ಇಂದಿಗೂ ಓದುಗರನ್ನು ಹಿಡಿದು ನಿಲ್ಲಿಸುವುದು ಅವಳು ಉತ್ತರ ಕೊಡದೆ ಹಿಂದಿರುಗಬಹುದಾಗಿತ್ತು ಎಂಬ ಕಾರಣಕ್ಕೆ.