ಅರಳುಮರಳಿಗೂ ಒಂದು ದಾಸೋಹ

ಪರಿಚಿತರ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂದೇ ಮುಂಜಾನೆ ನಾಲ್ಕು ಸಲ ಲಿಂಗಪೂಜೆಗೆ ಕುಳಿತುದನ್ನು ಕಂಡೆ. ಪೂಜೆ ಮುಗಿದುದು ಅವರ ನೆನಪಿನಲ್ಲಿರಲಿಲ್ಲ; ವಿಭೂತಿ ಧರಿಸುವ ಕೈಯ ಅಭ್ಯಾಸ ಮಾತ್ರ ಉಳಿದಿತ್ತು. "ವಯಸ್ಸಾಯಿತು, ಅರಳುಮರಳು" ಎಂದರು ಮಗ. ಸೊಸೆ ಮಾತನಾಡಲಿಲ್ಲ. ಅಜ್ಜಿ ಹೊರಗೆ ಹೋಗದಂತೆ ಇರುಳೆಲ್ಲ ಕದ ಕಾಯುವವರು ಆಕೆ. ಹೊರಡುವಾಗ ಮೆಲ್ಲಗೆ ಅಂದರು: "ಅಪ್ಪಾವರೆ, ವಾರಕ್ಕೆ ಎರಡು ಮಧ್ಯಾಹ್ನ ನಿದ್ದೆ ಸಿಕ್ಕರೆ ಸಾಕು."

ಇದು ಬರಿಯ ಮುಪ್ಪಲ್ಲ, ಡಿಮೆನ್ಶಿಯಾ ಎಂಬ ಮಿದುಳಿನ ವ್ಯಾಧಿ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಅರವತ್ತು ತುಂಬಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಇದರಿಂದ ಬಳಲುತ್ತಿದ್ದಾರೆ. ಬಹುಪಾಲು ಪ್ರಕರಣಗಳಲ್ಲಿ ಗುಣಪಡಿಸುವ ಔಷಧವಿಲ್ಲ. ಬೇಕಾದುದು ವರ್ಷಗಟ್ಟಲೆ ಆರೈಕೆ. ಹಣದ ಪ್ರಶ್ನೆ ಏಳುವುದು ಇಲ್ಲಿಯೇ. ಕೇಂದ್ರ ಸರ್ಕಾರವು 2024ರಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು ಎಪ್ಪತ್ತು ತುಂಬಿದ ಎಲ್ಲರಿಗೂ ವಿಸ್ತರಿಸಿತು. ಆದರೆ ಅದು ಆಸ್ಪತ್ರೆಯ ಹಾಸಿಗೆಗೆ ಸಲ್ಲುವ ಹಣ, ಮನೆಯಲ್ಲಿ ಕದ ಕಾಯುವವರಿಗಲ್ಲ.

ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಕೈಗೊಂಡ ಮಿದುಳು ಆರೋಗ್ಯ ಯೋಜನೆಯಿಂದ ರೋಗಪತ್ತೆಯ ಕಾರ್ಯ ಜಿಲ್ಲೆಗಳತ್ತ ಬಂದಿದೆ, ಸಂತೋಷ. ಪತ್ತೆಯಾದ ಮೇಲಿನ ಹಗಲುಗಳ ಹೊಣೆ ಯಾರದು? ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂತಹ ಸೇವಾಸಂಸ್ಥೆ ಈ ಕಾರ್ಯದಲ್ಲಿ ತೊಡಗಿದೆ. ಹಳ್ಳಿಪಟ್ಟಣಗಳಲ್ಲಿ ಅಂಥವು ವಿರಳ.

ಅನ್ನದ, ಅಕ್ಷರದ ದಾಸೋಹದಲ್ಲಿ ನಮ್ಮ ಮಠಗಳು ಹಿಂದೆ ಬಿದ್ದವಲ್ಲ. ನಮ್ಮ ಸಮುದಾಯ ಭವನಗಳೋ, ಮದುವೆಯ ತಿಂಗಳುಗಳ ಹೊರತು ಬಹಳಷ್ಟು ಬೀಗ ಹಾಕಿಯೇ ಇರುತ್ತವೆ. ಅಲ್ಲೊಂದು ಕೊಠಡಿ, ತರಬೇತಿ ಪಡೆದ ಇಬ್ಬರು, ಮಠದ ಪ್ರಸಾದ, ವಾರಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಂದು ಹೋಗುವ ಏರ್ಪಾಡು. ಇಷ್ಟಾದರೆ ಹಗಲಿನ ಆರೈಕೆ ಆರಂಭಿಸಬಹುದು. ತೊಡಕಿರುವುದು ಸಂಬಳದಲ್ಲಿ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ದಾನ ಬೇಗ ಬರುತ್ತದೆ (ಈ ಮಾತಿಗೆ ಮುನಿಯುವವರು ಮುನಿಯಲಿ); ಪ್ರತಿ ತಿಂಗಳ ಸಂಬಳಕ್ಕೆ ದಾನಿಗಳು ದುರ್ಲಭ. ಆದುದರಿಂದ ಮೊದಲು ದತ್ತಿನಿಧಿಯಿಡಬೇಕು; ಅಸಲನ್ನು ಮುಟ್ಟದೆ ಬಡ್ಡಿಯಿಂದ ಸಂಬಳ ಸಾಗಬೇಕು.

ಇನ್ನೊಂದು ದಾರಿಯೂ ಇದೆ. 2013ರ ಕಂಪನಿ ಕಾಯಿದೆಯಂತೆ ನಿಗದಿತ ಮಿತಿ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಹಿರಿಯರ ಹಗಲು ಆರೈಕೆ ಕೇಂದ್ರಗಳು ಅದರ ಪಟ್ಟಿಯಲ್ಲಿಯೇ ಇವೆ. ಈ ಹಣದಿಂದ ಕಾರ್ಯ ನಡೆಸುವ ಟ್ರಸ್ಟುಗಳು 2021ರಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಎಲ್ಲ ಊರುಗಳ ಟ್ರಸ್ಟಿನವರು ಈ ತಿಂಗಳ ಸಭೆಯಲ್ಲಿ ಆ ಕಾಗದಪತ್ರವನ್ನೊಮ್ಮೆ ತೆಗೆದು ನೋಡಲಿ.